ಡೇರೆ ಮೊಳಕೆ ಮೇಲೇಳಲು ಬಿಡದ ಬಸವನಹುಳು, ಗೊಂಡೆಹುಳು: ಏನು ಮಾಡಬೇಕು?

ಹೂವಿನಂಗಳ, ಸಿದ್ದಾಪುರ
ಜೂನ್ 12, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಾಗಿನಿಂದ ನಮ್ಮ ಅಂಗಳದ ಡೇರೆ (ಡೇಲಿಯಾ) ಹೂವಿನ ಪಾತಿಗೆ ಬಸವನಹುಳುಗಳ ಕಾಟ ಮಿತಿಮೀರಿದೆ. ಗೆಡ್ಡೆಯಿಂದ ಬಂದ ಮೊಳಕೆ ಹೆಬ್ಬೆರಳಿನಷ್ಟು ಎತ್ತರವಾಗುವುದೇ ತಡ, ರಾತ್ರಿ ಕಳೆಯುವುದರೊಳಗೆ ಬೋಳಾಗುತ್ತಿದೆ. ಬೆಳಿಗ್ಗೆ ಉಳಿದಿರುವುದು ಒಂದು ಮೋಟು ಮತ್ತು ಪಾತಿಯ ಕಲ್ಲಿನ ಮೇಲೆ ಬೆಳ್ಳಗೆ ಹೊಳೆಯುವ ಲೋಳೆಯ ಗೆರೆ. ದೊಡ್ಡ ಚಿಪ್ಪಿನವೂ ಇವೆ, ಚಿಪ್ಪಿಲ್ಲದ ಕಪ್ಪು ಗೊಂಡೆಹುಳುಗಳೂ ಇವೆ. ಜಗಲಿಯ ಪಕ್ಕದ ಆಂಥೂರಿಯಂ ಎಲೆಗಳಲ್ಲಿ ತೂತು ಬಿದ್ದಿದೆ, ಸೇವಂತಿಗೆಯ ಬುಡದ ಚಿಗುರು ಕಾಣೆಯಾಗಿದೆ. ದಾಸವಾಳವನ್ನು ಮಾತ್ರ ಅಷ್ಟಾಗಿ ಮುಟ್ಟಿಲ್ಲ.

ಡೇರೆಗಳಲ್ಲಿ ಕಡುಗೆಂಪು ಬಣ್ಣದ್ದೊಂದು, ನಮ್ಮ ಅತ್ತೆಯವರು ಮದುವೆಯಾಗಿ ಬಂದಾಗ ತವರಿನಿಂದ ತಂದ ಗೆಡ್ಡೆಯಿಂದ ಉಳಿದುಕೊಂಡು ಬಂದದ್ದು. ಯಾವ ನರ್ಸರಿಯಲ್ಲೂ ಆ ಬಣ್ಣ ನನಗೆ ಸಿಕ್ಕಿಲ್ಲ. ಮೊಳೆಯುವ ಕಣ್ಣುಗಳೆಲ್ಲ ಹೀಗೆಯೇ ಹುಳುವಿನ ಪಾಲಾದರೆ ತಳಿಯೇ ಹೋಗುತ್ತದೆ ಎಂಬ ಭಯ ಶುರುವಾಗಿದೆ.

ಪೇಟೆಯ ಗೊಬ್ಬರದ ಅಂಗಡಿಯಲ್ಲಿ ಕೇಳಿದಾಗ ಒಂದು ಬಗೆಯ ಗುಳಿಗೆ ತೋರಿಸಿ, ಎರಚಿದರೆ ಸಾಕು ಎಂದರು. ಮನೆಯಲ್ಲಿ ನಾಯಿ ಇದೆ, ಕೊಟ್ಟಿಗೆಯಲ್ಲಿ ಕರುವಿದೆ. ತರಲು ಧೈರ್ಯ ಬರಲಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.


ಗದ್ದೆಯಂಚು, ತೀರ್ಥಹಳ್ಳಿ
ಜೂನ್ 12, ರಾತ್ರಿ 9.48

ಅಕ್ಕ, ಇದಕ್ಕೆ ಉಪ್ಪೇ ಮದ್ದು. ರಾತ್ರಿ ಟಾರ್ಚ್ ಹಿಡಿದು ಹೋಗಿ ಕಂಡದ್ದರ ಮೇಲೆಲ್ಲ ಒಂದೊಂದು ಚಿಟಿಕೆ ಹಾಕಿ. ಅಲ್ಲೇ ಕರಗಿ ಹೋಗುತ್ತವೆ. ಪಾತಿಯ ಸುತ್ತ ಬೂದಿ ಸುರಿಯಿರಿ.


ತೋಟದ ಮನೆ, ಸೋಮವಾರಪೇಟೆ
ಜೂನ್ 12, ರಾತ್ರಿ 10.35

ಪಾತಿಯೊಳಗೆ ಉಪ್ಪು ಮಾತ್ರ ಬೇಡ ಮೇಡಂ. ನಿಮ್ಮ ಕಡೆಯ ಮಳೆಗೆ ಅದು ಕರಗಿ ನೇರವಾಗಿ ಗೆಡ್ಡೆಯ ಬುಡಕ್ಕೆ ಇಳಿಯುತ್ತದೆ. ಎರೆಹುಳುಗಳಿಗೂ ಅದೇ ಗತಿ. ಬೂದಿ ಒಣಗಿರುವಷ್ಟು ಹೊತ್ತು ಕೆಲಸ ಮಾಡುತ್ತದೆ ಎನ್ನುವುದು ನಿಜ, ಆದರೆ ಜೂನ್ ತಿಂಗಳ ಸಿದ್ದಾಪುರದಲ್ಲಿ ಅದು ಎಷ್ಟು ಹೊತ್ತು ಒಣಗಿ ಇರುತ್ತದೆ?

ನಮ್ಮ ತಾಲ್ಲೂಕಿನ ಶನಿವಾರಸಂತೆ ಕಡೆ ಕಾಫಿ ಬೆಳೆಗಾರರು ಆಫ್ರಿಕಾದ ದೈತ್ಯ ಬಸವನಹುಳುವನ್ನು ಚೀಲಗಟ್ಟಲೆ ಆರಿಸಿದ್ದಾರೆ. ಕಾಫಿ, ಬಾಳೆ, ಅಡಿಕೆ, ಪಪ್ಪಾಯಿ, ಯಾವುದನ್ನೂ ಬಿಡುವುದಿಲ್ಲ. ಇಲ್ಲಿ ನಾವು ಕಲಿತದ್ದನ್ನು ಹೂವಿನ ಪಾತಿಗೆ ಹೊಂದಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನಾವು ಸಾಮಾನ್ಯವಾಗಿ ಹುಳುವನ್ನು ಗಿಡದ ಮೇಲೆ ಹುಡುಕುತ್ತೇವೆ. ಗಿಡ ಅದರ ಊಟದ ಜಾಗ, ರಾತ್ರಿ ಕೆಲವು ಗಂಟೆ ಮಾತ್ರ ಅಲ್ಲಿರುತ್ತದೆ. ಉಳಿದ ಹೊತ್ತೆಲ್ಲ ತಂಪಾದ, ಕತ್ತಲೆಯಾದ, ಒದ್ದೆಯಾದ ಕಡೆ ಅಡಗಿರುತ್ತದೆ. ನಿಮ್ಮ ಪಾತಿಯಿಂದ ಹತ್ತು ಮಾರಿನೊಳಗೆ ಏನೇನಿದೆ ನೋಡಿ: ರಾಶಿ ಹಾಕಿದ ಹಂಚು, ಅಡಿಕೆ ಹಾಳೆ, ತೆಂಗಿನ ಮಟ್ಟೆ, ಬಾಳೆಯ ದಿಂಡು, ಗೊಬ್ಬರದ ಗುಂಡಿಯ ಅಂಚು, ಕಲ್ಲುಕಟ್ಟೆಯ ಸಂದು, ಖಾಲಿ ಕುಂಡಗಳ ತಳ. ಹುಳು ಅಲ್ಲಿದೆ. ಮೊಟ್ಟೆಯೂ ಅಲ್ಲೇ ಇದೆ. ಆ ಜಾಗಗಳನ್ನು ಬರಿದು ಮಾಡದೆ ಪಾತಿಗೆ ಏನು ಸುರಿದರೂ ಮರುದಿನ ಹೊಸದು ಬರುತ್ತದೆ.

ಅಡಗುತಾಣ ತೆಗೆದ ಮೇಲೆ, ನೀವೇ ಒಂದು ಅಡಗುತಾಣವನ್ನು ಮಾಡಿಕೊಡಿ. ಹಳೆಯ ಗೋಣಿಚೀಲವನ್ನು ನೆನೆಸಿ ಪಾತಿಯ ಪಕ್ಕದಲ್ಲಿ ಸಂಜೆ ಹಾಸಿ. ಕೆಳಗೆ ಪಪ್ಪಾಯಿ ಸಿಪ್ಪೆ, ಎಲೆಕೋಸಿನ ಹೊರ ಎಲೆ, ಇಲ್ಲವೇ ಅಕ್ಕಿ ತೌಡಿಗೆ ಬೆಲ್ಲ ಬೆರೆಸಿ ನೀರಿನಲ್ಲಿ ಕಲಸಿ ಒಂದು ದಿನ ಹುಳಿ ಬರಿಸಿದ ಮುದ್ದೆ ಇಡಿ. ಬೆಳಕು ಹರಿಯುವ ಹೊತ್ತಿಗೆ ಚೀಲ ಎತ್ತಿದರೆ ಅಲ್ಲೇ ಗುಂಪಾಗಿ ಅಂಟಿಕೊಂಡಿರುತ್ತವೆ. ತಡ ಮಾಡಿದರೆ ಬಿಸಿಲಿಗೆ ಚೀಲ ಒಣಗಿ ಬೇರೆ ಕಡೆಗೆ ಹೋಗುತ್ತವೆ. ಕೈಗವಸು ಹಾಕಿಕೊಂಡು ಬಕೆಟ್ಟಿಗೆ ಹಾಕಿ, ಕುದಿಯುವ ನೀರು ಸುರಿದು, ದೂರದಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಉಪ್ಪು ನೀರು ಬಳಸುವವರೂ ಇದ್ದಾರೆ. ಕುದಿಯುವ ನೀರಿನಲ್ಲಿ ಅದಕ್ಕೆ ಸಂಕಟ ಕಡಿಮೆ, ಮಣ್ಣಿಗೂ ಕೇಡಿಲ್ಲ.

ಈಗ ಗುಳಿಗೆಯ ವಿಷಯ. ಅಂಗಡಿಯವರು ತೋರಿಸಿದ್ದು ಬಹುಶಃ ಶೇ 2.5ರ ಮೆಟಾಲ್ಡಿಹೈಡ್. ಅದು ಹುಳುವಿನ ಲೋಳೆಯನ್ನೆಲ್ಲ ಹೊರಹಾಕಿಸಿ ಒಣಗಿಸಿ ಕೊಲ್ಲುತ್ತದೆ. ಬಿಡದೆ ಮಳೆ ಸುರಿಯುವಾಗ ಅದೇ ಹುಳು ನೀರು ಹೀರಿಕೊಂಡು ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಗುಳಿಗೆಗೆ ತೌಡಿನ ವಾಸನೆ ಇರುವುದರಿಂದ ನಾಯಿಗಳು ನೆಕ್ಕುತ್ತವೆ. ನೆಕ್ಕಿದ ನಾಯಿಗೆ ನಡುಕ, ಸೆಳೆತ, ವಿಪರೀತ ಜ್ವರ ಬರುತ್ತದೆ. ಅದಕ್ಕೆ ನೇರವಾದ ಪ್ರತಿವಿಷ ಇಲ್ಲ, ತಕ್ಷಣ ಪಶುವೈದ್ಯರ ಬಳಿಗೆ ಓಡಬೇಕು. ಕರುವಿಗೂ ಅಪಾಯವೇ. ನಿಮ್ಮ ಮನೆಗೆ ಅದು ಬೇಡವೇ ಬೇಡ. ಹಿಂದೆ ತೌಡು ಬೆಲ್ಲಕ್ಕೆ ಮೀಥೋಮಿಲ್ ಎಂಬ ಕೀಟನಾಶಕ ಬೆರೆಸಿ ಇಡುತ್ತಿದ್ದರು. ಅದನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಯಾರಾದರೂ ಹಳೆಯ ದಾಸ್ತಾನು ಕೊಡಲು ಬಂದರೆ ತೆಗೆದುಕೊಳ್ಳಬೇಡಿ.


ತಾರಸಿ ತೋಟ, ಬೆಂಗಳೂರು
ಜೂನ್ 13, ಬೆಳಿಗ್ಗೆ 7.10

ಮೂರನೆಯ ಮಹಡಿಯ ತಾರಸಿಗೆ ಹುಳು ಎಲ್ಲಿಂದ ಬಂತು ಎಂದು ಅನೇಕರು ಕೇಳುತ್ತಾರೆ. ನರ್ಸರಿಯ ಕುಂಡದ ಜೊತೆಯಲ್ಲೇ ಬರುತ್ತದೆ. ಹೊಸ ಗಿಡ ತಂದ ಕೂಡಲೇ ಕುಂಡವನ್ನು ಎತ್ತಿ ತಳದ ತೂತುಗಳನ್ನು ನೋಡಿ, ಮೇಲ್ಮಣ್ಣನ್ನು ಬೆರಳಿನಷ್ಟು ಆಳ ಕೆದಕಿ. ಸಾಬಕ್ಕಿಯಂತಹ ಬಿಳಿಹಳದಿ ಮೊಟ್ಟೆಗಳು ಗೊಂಚಲಾಗಿ ಸಿಕ್ಕರೆ ಅದೇ. ಎರಡು ವಾರ ಹೊಸ ಗಿಡವನ್ನು ಉಳಿದವುಗಳಿಂದ ದೂರ ಇಡಿ.

ಇನ್ನೊಂದು ಮಾತು. ಸಂಜೆ ನೀರು ಹಾಕುವ ರೂಢಿಯನ್ನು ಬಿಟ್ಟು ಬೆಳಿಗ್ಗೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಇದರಿಂದ ಉಪಯೋಗವಿಲ್ಲ, ಆದರೆ ಬಯಲುಸೀಮೆಯ ತಾರಸಿಗಳಿಗೆ ಬಹಳ ವ್ಯತ್ಯಾಸ ಕಾಣುತ್ತದೆ. ರಾತ್ರಿ ಮೇಲ್ಮಣ್ಣು ಒಣಗಿದ್ದರೆ ಅವುಗಳಿಗೆ ಹರಿದಾಡುವುದು ಕಷ್ಟ.


ಗದ್ದೆಯಂಚು, ತೀರ್ಥಹಳ್ಳಿ
ಜೂನ್ 13, ಬೆಳಿಗ್ಗೆ 8.02

ಮೊಟ್ಟೆಯ ಚಿಪ್ಪು ಪುಡಿ ಮಾಡಿ ಸುತ್ತ ಹಾಕಿದರೆ ಹೊಟ್ಟೆಗೆ ಚುಚ್ಚಿ ದಾಟುವುದಿಲ್ಲ ಎಂದು ಎಲ್ಲ ವಿಡಿಯೊಗಳಲ್ಲೂ ಹೇಳುತ್ತಾರಲ್ಲ?


ಹೋಸ್ಟಾ ಪ್ರೇಮಿ, ರೆಡಿಂಗ್, ಇಂಗ್ಲೆಂಡ್
ಜೂನ್ 13, ಮಧ್ಯಾಹ್ನ 2.15

ತುಮಕೂರಿನವಳು, ಈಗ ಇಲ್ಲಿ ವಾಸ. ಈ ದೇಶದಲ್ಲಿ ಹೂದೋಟ ಮಾಡುವವರ ಅರ್ಧ ಮಾತುಕತೆ ಗೊಂಡೆಹುಳುವಿನದೇ. ಹೋಸ್ಟಾ, ಡೆಲ್ಫಿನಿಯಂ, ಡೇಲಿಯಾ, ಈ ಮೂರನ್ನು ಬೆಳೆಸುವವರಿಗೆ ವಸಂತವೆಂದರೆ ಕಾವಲು ಕಾಯುವ ಕಾಲ. ಚಳಿಗಾಲದಲ್ಲಿ ನೆಲದೊಳಗೆ ಮಲಗಿದ್ದ ಬಹುವಾರ್ಷಿಕ ಗಿಡದ ಎಳೆಯ ಮೊಳಕೆ ಮೇಲೆ ಬರುವುದೂ ಹುಳು ಹಸಿದು ಹೊರಬರುವುದೂ ಒಂದೇ ಹೊತ್ತಿಗೆ.

ಮೊಟ್ಟೆಯ ಚಿಪ್ಪಿನ ಮಾತಿಗೆ ಉತ್ತರ: ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 108 ಲೆಟ್ಯೂಸ್ ಗಿಡಗಳಿಗೆ ತಾಮ್ರದ ಪಟ್ಟಿ, ಜಲ್ಲಿ, ಪೈನ್ ತೊಗಟೆ, ಉಣ್ಣೆಯ ಉಂಡೆ, ಮೊಟ್ಟೆಯ ಚಿಪ್ಪು ಹೀಗೆ ಒಂದೊಂದು ಬಗೆಯ ತಡೆ ಹಾಕಿ ನೋಡಿದರು. ಏನೂ ಹಾಕದ ಗಿಡಗಳನ್ನು ತಿಂದಷ್ಟೇ ಇವುಗಳನ್ನೂ ತಿಂದಿದ್ದವು. ಲೋಳೆ ಇರುವುದೇ ಒರಟು ಜಾಗದ ಮೇಲೆ ಜಾರಿಕೊಂಡು ಹೋಗಲು. ಹರಿತವಾದ ಬ್ಲೇಡಿನ ಅಂಚನ್ನೂ ಅದು ಗಾಯವಿಲ್ಲದೆ ದಾಟಬಲ್ಲದು.

ಮೆಟಾಲ್ಡಿಹೈಡ್ ಅನ್ನು ಬ್ರಿಟನ್ನಿನಲ್ಲಿ ತೋಟಗಳಲ್ಲಿ ಬಳಸುವುದು 2022ರ ವಸಂತಕ್ಕೆ ಪೂರ್ತಿ ನಿಂತಿತು. ಹಕ್ಕಿಗಳಿಗೂ ಮುಳ್ಳುಹಂದಿಯಂತಹ ಸಣ್ಣ ಹೆಜ್‌ಹಾಗ್‌ಗಳಿಗೂ ಅಪಾಯ ಎಂಬುದೇ ಕಾರಣ. ಈಗ ಇಲ್ಲಿ ಫೆರಿಕ್ ಫಾಸ್ಫೇಟ್ ಗುಳಿಗೆ ಸಿಗುತ್ತದೆ. ತಿಂದ ಹುಳು ಮೇಯುವುದನ್ನು ನಿಲ್ಲಿಸಿ, ಮಣ್ಣಿನೊಳಗೆ ಹೋಗಿ ಸಾಯುತ್ತದೆ. ಹೆಣ ಕಾಣುವುದಿಲ್ಲವೆಂದು ಕೆಲಸ ಆಗಿಲ್ಲ ಎಂದುಕೊಳ್ಳಬಾರದು. ಭಾರತದಲ್ಲಿ ಸಿಕ್ಕರೆ ನೋಡಿ, ಚೀಟಿಯಲ್ಲಿ ಹೇಳಿದಷ್ಟೇ ಹಾಕಿ.

ಇಲ್ಲಿಯವರು ಗೊಂಡೆಹುಳುವಿನೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳಾದ ನೆಮಟೋಡ್‌ಗಳನ್ನು ನೀರಿನಲ್ಲಿ ಬೆರೆಸಿ ಮಣ್ಣಿಗೆ ಹಾಕುತ್ತಾರೆ. 1994ರಿಂದ ಮಾರಾಟದಲ್ಲಿದೆ. ಅದು ತಂಪು ದೇಶದ ಜೀವಿ, ನಿಮ್ಮಲ್ಲಿಗೆ ತರಿಸುವ ಯೋಚನೆಯನ್ನು ಯಾರೂ ಮಾಡಬೇಡಿ.

ಡೇಲಿಯಾ ಉಳಿಸಲು ನಾನು ಮಾಡುವುದು ಬಹಳ ಸರಳ. ಗೆಡ್ಡೆಯನ್ನು ನೇರವಾಗಿ ನೆಲಕ್ಕೆ ಹಾಕುವುದಿಲ್ಲ. ಕುಂಡದಲ್ಲಿ ಮೊಳೆಸಿ, ಒಂದಡಿ ಎತ್ತರವಾಗಿ ಕಾಂಡ ಗಟ್ಟಿಯಾದ ಮೇಲೆ ನೆಲಕ್ಕೆ ಇಳಿಸುತ್ತೇನೆ. ಕಾಂಡ ಗಟ್ಟಿಯಾದ ಗಿಡದಲ್ಲಿ ಕೆಳಗಿನ ಎಲೆಗಳು ಹೋದರೂ ಗಿಡ ಹೋಗುವುದಿಲ್ಲ.


ಹೂವಿನಂಗಳ, ಸಿದ್ದಾಪುರ
ಜೂನ್ 13, ಸಂಜೆ 6.30

ಇದು ನನಗೆ ಹೊಳೆದಿರಲಿಲ್ಲ. ಜಗಲಿಯಲ್ಲಿ ಸಾಕಷ್ಟು ಬೆಳಕಿದೆ. ಕಡುಗೆಂಪು ಡೇರೆಯ ಉಳಿದ ಗೆಡ್ಡೆಗಳನ್ನು ನಾಳೆಯೇ ಅಗೆದು ಕುಂಡಕ್ಕೆ ಹಾಕುತ್ತೇನೆ. ಗೋಣಿಚೀಲವನ್ನೂ ಇವತ್ತು ಹಾಸಿದ್ದೇನೆ.


ತೋಟದ ಮನೆ, ಸೋಮವಾರಪೇಟೆ
ಜೂನ್ 13, ರಾತ್ರಿ 8.15

ಕುಂಡದ ಉಪಾಯ ಬಹಳ ಒಳ್ಳೆಯದು. ಆದರೆ ಕುಂಡವನ್ನು ಗೋಡೆಗೆ ತಾಗಿಸಿ ಇಡಬೇಡಿ. ಚಿಪ್ಪು ಕಟ್ಟಲು ಈ ಪ್ರಾಣಿಗೆ ಸುಣ್ಣದ ಅಂಶ ಬೇಕು, ಸುಣ್ಣ ಬಳಿದ ಗೋಡೆಯನ್ನೇ ಕೆರೆದು ತಿನ್ನುತ್ತದೆ. ರಾತ್ರಿ ಗೋಡೆಯ ಮೇಲೆ ಸಾಲಾಗಿ ಅಂಟಿಕೊಂಡಿರುವುದು ಅದಕ್ಕೇ. ಆದ್ದರಿಂದ ಮೊಟ್ಟೆಯ ಚಿಪ್ಪು ತಡೆಯಂತೂ ಆಗುವುದಿಲ್ಲ, ಮೇಲಾಗಿ ಅದಕ್ಕೆ ಬೇಕಾದ ಸಾಮಗ್ರಿಯನ್ನು ನಾವೇ ಪುಡಿ ಮಾಡಿ ಕೊಟ್ಟಂತೆ.

ತಾಮ್ರದ ಬಗ್ಗೆ ಇಂಗ್ಲೆಂಡಿನ ಅಕ್ಕನವರ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ತಾಮ್ರದ ಪಟ್ಟಿ ಬೇರೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಬೇರೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ನಿಮ್ಮ ಮನೆಯಲ್ಲಿ ಮೈಲುತುತ್ತ, ಸುಣ್ಣ ಎರಡೂ ಇದ್ದೇ ಇರುತ್ತವೆ. ಅವೆರಡನ್ನೂ ಬೆರೆಸಿದ ಬೋರ್ಡೋ ಮುಲಾಮನ್ನು ಗಟ್ಟಿಯಾಗಿ ಕಲಸಿ ಕುಂಡದ ಹೊರಮೈಗೆ ನಾಲ್ಕು ಬೆರಳಗಲ ಬಳಿದರೆ, ಮಳೆಗೆ ತೊಳೆದು ಹೋಗುವವರೆಗೆ ಅವು ಹತ್ತಲು ಹಿಂಜರಿಯುವುದನ್ನು ನಮ್ಮ ತೋಟದಲ್ಲಿ ಕಾಣುತ್ತಿದ್ದೇವೆ. ಜಗಲಿಯ ಮಾಡಿನ ಕೆಳಗಾದರೆ ಹೆಚ್ಚು ದಿನ ಉಳಿಯುತ್ತದೆ. ಮಣ್ಣಿಗೆ ಮಾತ್ರ ಸುರಿಯಬೇಡಿ. ತಾಮ್ರ ಮಣ್ಣಿನಲ್ಲಿ ಸೇರುತ್ತಾ ಹೋದರೆ ಎರೆಹುಳುಗಳು ಉಳಿಯುವುದಿಲ್ಲ.


ತುಳಸಿಕಟ್ಟೆ, ಯಲ್ಲಾಪುರ
ಜೂನ್ 14, ಬೆಳಿಗ್ಗೆ 6.50

ಎಲ್ಲರೂ ಕೊಲ್ಲುವ ಮಾತನ್ನೇ ಹೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ಹಿರಿಯರಿಗೆ ಅದು ಒಗ್ಗುವುದಿಲ್ಲ. ಹಿಡಿದು ಬೆಟ್ಟಕ್ಕೋ ಹಳ್ಳದ ಆಚೆಗೋ ಬಿಟ್ಟು ಬಂದರೆ ಸಾಲದೆ?


ಪಾಠದ ಮನೆ, ಸಾಗರ
ಜೂನ್ 14, ಬೆಳಿಗ್ಗೆ 10.05

ತುಳಸಿಕಟ್ಟೆಯವರೇ, ನಿಮ್ಮ ಹಿರಿಯರ ಮನಸ್ಸು ಅರ್ಥವಾಗುತ್ತದೆ. ನಾನು ಜೀವಶಾಸ್ತ್ರ ಪಾಠ ಮಾಡುವವನು, ವಿನಾಕಾರಣ ಒಂದು ಜೀವ ಹೋಗುವುದು ನನಗೂ ಇಷ್ಟವಿಲ್ಲ. ಆದರೆ ದೈತ್ಯ ಬಸವನಹುಳುವನ್ನು ಬೆಟ್ಟಕ್ಕೆ ಬಿಡುವುದೆಂದರೆ ಬೆಟ್ಟದ ಗಿಡಗಳನ್ನೂ ಅಲ್ಲಿಯ ಹುಳುಗಳನ್ನೂ ಅದರ ಬಾಯಿಗೆ ಕೊಟ್ಟಂತೆ. ಹಳ್ಳದ ಪಕ್ಕ ಬಿಟ್ಟರೆ ನೆರೆಯ ನೀರಿನ ಜೊತೆಗೆ ಕೆಳಗಿನ ಊರಿನ ತೋಟಕ್ಕೆ ಹೋಗುತ್ತದೆ.

ಅದು ಈ ನೆಲದ್ದಲ್ಲ. ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಗಳ ಅಧ್ಯಯನಕಾರ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಕೆಲವು ಹುಳುಗಳನ್ನು ಚೌರಂಗಿಯ ತೋಟವೊಂದರಲ್ಲಿ ಬಿಡಲಾಯಿತು. ನಮ್ಮ ದೇಶದಲ್ಲಿ ಅದರ ಕಥೆ ಶುರುವಾದದ್ದು ಅಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಹುಳುಗಳಾದವು. ಪೂರ್ತಿ ನಿರ್ಮೂಲ ಮಾಡಲು 1975ರವರೆಗೆ ಹಿಡಿಯಿತು. ಒಂದೊಂದು ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿವೆ, ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ, ಐದಾರು ವರ್ಷ ಬದುಕುತ್ತದೆ. ಒಂದನ್ನು ಬಿಟ್ಟು ಬರುವುದೆಂದರೆ ಏನು ಎಂದು ಈಗ ಲೆಕ್ಕ ಹಾಕಿ. ಹಿರಿಯರಿಗೆ ನೋವಾಗದ ದಾರಿ ಬೇಕೆಂದರೆ ಮೊಟ್ಟೆಗಳನ್ನು ಹುಡುಕಿ ತೆಗೆಯಿರಿ. ಸಡಿಲವಾದ ಒದ್ದೆ ಮಣ್ಣಿನಲ್ಲಿ ಒಂದೆರಡು ಇಂಚು ಕೆಳಗೆ ಇರುತ್ತವೆ. ಬಿಸಿಲಿಗೆ ಹರಡಿದರೆ ಸಾಕು.

ಇನ್ನೊಂದು ಮುಖ್ಯ ವಿಷಯ. ಅಂಗಳದಲ್ಲಿ ಕಂಡ ಪ್ರತಿ ಬಸವನಹುಳುವೂ ಶತ್ರುವಲ್ಲ. ದೈತ್ಯ ಹುಳುವಿನ ಚಿಪ್ಪು ಉದ್ದವಾಗಿ, ತುದಿ ಚೂಪಾಗಿ, ಕಂದು ಬಣ್ಣದ ಮೇಲೆ ಉದ್ದುದ್ದ ಪಟ್ಟೆಗಳೊಂದಿಗೆ ಇರುತ್ತದೆ. ಬೆಳೆದದ್ದು ಅಂಗೈ ತುಂಬುತ್ತದೆ. ಇದಕ್ಕೆ ಬದಲು, ತೆಳುವಾದ ದುಂಡು ಚಿಪ್ಪು ಹೊತ್ತು, ಮೈ ಕೆಂಪಾಗಿಯೋ ಹಳದಿಯಾಗಿಯೋ ಹೊಳೆಯುವ ಒಂದು ಹುಳುವನ್ನು ಮಳೆಗಾಲದಲ್ಲಿ ಕಂಡಿದ್ದೀರಾ? ಅದು ಇಂಡ್ರೆಲ್ಲಾ ಆಂಪುಲ್ಲಾ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಾಡಿನ ಒದ್ದೆ ಕಾಂಡಗಳ ಮೇಲೆ ಅದು ಸಾಗುವಾಗ ಕೊಂಬುಗಳನ್ನು ಒಂದೊಂದಾಗಿ ಚಾಚಿ, ತುದಿಯ ಕಣ್ಣನ್ನು ಅತ್ತಿತ್ತ ತಿರುಗಿಸಿ, ಏನಾದರೂ ತಾಗಿದ ಕೂಡಲೇ ಒಳಕ್ಕೆಳೆದುಕೊಳ್ಳುವುದನ್ನು ನಿಂತು ನೋಡಬೇಕು. ಬಕೆಟ್ ಹಿಡಿದು ಹೊರಟಾಗ ಅದು ಕಂಡರೆ ದಯವಿಟ್ಟು ಅದರ ಪಾಡಿಗೆ ಬಿಡಿ. ವಿಷದ ಗುಳಿಗೆಗೆ ಈ ವ್ಯತ್ಯಾಸ ಗೊತ್ತಿಲ್ಲ, ಕೈಯಿಂದ ಆರಿಸುವವರಿಗೆ ಗೊತ್ತಿರುತ್ತದೆ. ನಾನು ಕೈ ಆರಿಸುವಿಕೆಯ ಪರವಾಗಿರುವುದಕ್ಕೆ ಇದೇ ದೊಡ್ಡ ಕಾರಣ.

ನಮ್ಮ ಕಡೆ ಸಹಾಯಕರೂ ಇದ್ದಾರೆ. ಕೆಂಬೂತ ದೈತ್ಯ ಹುಳುವನ್ನು ಹಿಡಿದು ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಳಲ್ಲಿ ಮಿನುಗುವ ಮಿಂಚುಹುಳುಗಳ ಮರಿಗಳು ನೆಲದ ಮೇಲೆ ಬಸವನಹುಳುಗಳನ್ನೇ ತಿಂದು ಬೆಳೆಯುವಂತಹವು. ವಿಷ ಹಾಕಿದ ತೋಟದಲ್ಲಿ ಇವು ನಿಲ್ಲುವುದಿಲ್ಲ. ಹಾಗೆಂದು ಹೊರಗಿನಿಂದ ಬೇಟೆಗಾರರನ್ನು ತರುವ ಸಾಹಸವೂ ಬೇಡ. 1955ರಲ್ಲಿ ಹವಾಯಿಗೆ ದೈತ್ಯ ಹುಳುವನ್ನು ತಿನ್ನಲೆಂದು ಫ್ಲಾರಿಡಾದ ರೋಸಿ ವುಲ್ಫ್ ಬಸವನಹುಳುವನ್ನು ತಂದು ಬಿಟ್ಟರು. ಅದು ದೈತ್ಯನ ತಂಟೆಗೆ ಹೋದದ್ದಕ್ಕಿಂತ ಹೆಚ್ಚಾಗಿ ದ್ವೀಪದ ಸ್ವಂತ ಪುಟ್ಟ ಹುಳುಗಳನ್ನು ಹುಡುಕಿ ತಿಂದಿತು. ಮುಂದೆ ತಾಹಿತಿ, ಮೊರೇಯಾ ದ್ವೀಪಗಳಲ್ಲೂ ಅದನ್ನೇ ಮಾಡಿ ಅಲ್ಲಿಯ ಪಾರ್ಟುಲಾ ಎಂಬ ಪುಟ್ಟ ಬಸವನಹುಳುಗಳ ಹಲವು ಜಾತಿಗಳನ್ನು ಒಂದೊಂದಾಗಿ ಅಳಿಸಿಹಾಕಿದರು.


ತಾರಸಿ ತೋಟ, ಬೆಂಗಳೂರು
ಜೂನ್ 14, ಮಧ್ಯಾಹ್ನ 12.40

ಮೇಷ್ಟ್ರೇ, ಮಕ್ಕಳು ಬರಿಗೈಯಲ್ಲಿ ಹಿಡಿದು ಆಡುತ್ತಾರೆ. ತೊಂದರೆ ಇದೆಯೇ?


ಪಾಠದ ಮನೆ, ಸಾಗರ
ಜೂನ್ 14, ಮಧ್ಯಾಹ್ನ 1.15

ಇದೆ. ಇಲಿಯ ಶ್ವಾಸಕೋಶದಲ್ಲಿ ಇರುವ ಒಂದು ಜಂತುವಿನ ಮರಿಗಳು ಈ ಹುಳುಗಳೊಳಗೆ ಬೆಳೆಯುತ್ತವೆ. ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ಮುಖ್ಯ ದಾರಿ ಬೇಯಿಸದ ಹುಳು ಮತ್ತು ಹುಳು ಹರಿದಾಡಿದ ಹಸಿ ಸೊಪ್ಪು. ಮಕ್ಕಳು ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುವುದರಿಂದ ಸೋಪಿನಿಂದ ಕೈ ತೊಳೆಸಿ. ಕೋಸಂಬರಿಗೆ ಹಾಕುವ ಸೊಪ್ಪನ್ನು ಒಂದೊಂದು ಎಲೆಯಾಗಿ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ.


ಗದ್ದೆಯಂಚು, ತೀರ್ಥಹಳ್ಳಿ
ಜೂನ್ 14, ರಾತ್ರಿ 9.05

ಗೊಂಡೆಹುಳುವಿಗೆ ಬಿಯರ್ ಇಡುತ್ತಾರಂತೆ. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಹುಳಿ ಬಂದ ದೋಸೆ ಹಿಟ್ಟು ಇಟ್ಟು ನೋಡಿದೆ. ಅಗಲ ಬಾಯಿಯ ಡಬ್ಬಿಯನ್ನು ಮಣ್ಣಿನ ಮಟ್ಟಕ್ಕೆ ಹೂತು, ಮೇಲೆ ತಗಡಿನ ಮರೆ ಕೊಟ್ಟಿದ್ದೆ. ಚೆನ್ನಾಗಿ ಬಿದ್ದಿವೆ.


ಹೋಸ್ಟಾ ಪ್ರೇಮಿ, ರೆಡಿಂಗ್, ಇಂಗ್ಲೆಂಡ್
ಜೂನ್ 14, ರಾತ್ರಿ 11.30

ಅವುಗಳನ್ನು ಸೆಳೆಯುವುದು ಹುದುಗಿನ ವಾಸನೆ, ಹಾಗಾಗಿ ದೋಸೆ ಹಿಟ್ಟು ಒಳ್ಳೆಯ ಉಪಾಯ. ಡಬ್ಬಿಯ ಅಂಚನ್ನು ಮಣ್ಣಿಗಿಂತ ಒಂದಿಷ್ಟು ಮೇಲೆ ಇಡಿ, ಇಲ್ಲದಿದ್ದರೆ ನೆಲದ ಮೇಲೆ ಓಡಾಡುವ ಒಳ್ಳೆಯ ದುಂಬಿಗಳೂ ಬೀಳುತ್ತವೆ. ಮೇಷ್ಟ್ರು ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ. ಬ್ರಿಟನ್ನಿನಲ್ಲಿರುವ ಸುಮಾರು 44 ಜಾತಿಯ ಗೊಂಡೆಹುಳುಗಳಲ್ಲಿ ತೋಟದ ಗಿಡ ತಿನ್ನುವವು ಒಂಬತ್ತು ಮಾತ್ರ. ಉಳಿದವು ಕೊಳೆತ ಎಲೆ ತಿಂದು ಗೊಬ್ಬರ ಮಾಡುತ್ತವೆ. ಅದಕ್ಕೇ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2022ರಿಂದ ಇವನ್ನು ಪೀಡೆ ಎಂದು ಕರೆಯುವುದನ್ನೇ ಬಿಟ್ಟಿದ್ದಾರೆ.


ತೋಟದ ಮನೆ, ಸೋಮವಾರಪೇಟೆ
ಜೂನ್ 15, ಬೆಳಿಗ್ಗೆ 6.20

ಅವರ ಗೊಂಡೆಹುಳುವಿಗೆ ಆ ಮಾತು ಸರಿ. ನಮ್ಮ ದೈತ್ಯ ಹುಳುವನ್ನು ನಾನು ಪೀಡೆ ಎಂದೇ ಕರೆಯುತ್ತೇನೆ.


ಹೂವಿನಂಗಳ, ಸಿದ್ದಾಪುರ
ಡಿಸೆಂಬರ್ 6, ಸಂಜೆ 5.40

ಹಳೆಯ ಚರ್ಚೆಗೆ ಮರಳುತ್ತಿದ್ದೇನೆ, ನಿಮಗೆಲ್ಲ ತಿಳಿಸಲೇಬೇಕು. ಕಡುಗೆಂಪು ಡೇರೆ ಉಳಿಯಿತು. ಜಗಲಿಯಲ್ಲಿ ಒಂದಡಿ ಬೆಳೆಸಿ ಜುಲೈ ಕೊನೆಗೆ ನೆಲಕ್ಕೆ ಇಳಿಸಿದೆ. ನವರಾತ್ರಿಗೆ ಹೂ ಕೊಯ್ದು ದೇವರಿಗೆ ಇಟ್ಟಾಗ ಅತ್ತೆಯವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಹೆಚ್ಚು ಹುಳು ಸಿಕ್ಕಿದ್ದು ಪಾತಿಯಲ್ಲಿ ಅಲ್ಲ, ಬಚ್ಚಲಿನ ಹಿಂದೆ ಒಟ್ಟಿದ್ದ ಹಳೆಯ ಹಂಚಿನ ರಾಶಿಯಲ್ಲಿ. ಅದನ್ನು ಪೂರ್ತಿ ತೆಗೆಸಿದೆವು. ಕೆಳಗಿನ ಮಣ್ಣಿನಲ್ಲಿ ಮೊಟ್ಟೆಗಳು ಗೊಂಚಲು ಗೊಂಚಲಾಗಿ ಇದ್ದವು. ನೇರ ನೆಲಕ್ಕೆ ಹಾಕಿದ್ದ ಬಿಳಿ ಡೇರೆಗಳಲ್ಲಿ ಕೆಲವು ಹೋದವು. ಸೇವಂತಿಗೆ ಚೆನ್ನಾಗಿದೆ.

ಈಗ ಗಿಡ ಒಣಗುತ್ತಿದೆ. ಗೆಡ್ಡೆ ಅಗೆದು ಎತ್ತಿಡುವಾಗ ಏನಾದರೂ ಎಚ್ಚರಿಕೆ ಬೇಕೆ?


ತೋಟದ ಮನೆ, ಸೋಮವಾರಪೇಟೆ
ಡಿಸೆಂಬರ್ 6, ರಾತ್ರಿ 8.50

ಬಹಳ ಸಂತೋಷವಾಯಿತು ಮೇಡಂ. ಗೆಡ್ಡೆಗೆ ಅಂಟಿದ ಮಣ್ಣನ್ನು ಪೂರ್ತಿ ತೊಳೆದು, ನೆರಳಿನಲ್ಲಿ ಆರಿಸಿ, ಬಿಸಿಲಿಗೆ ಒಣಗಿಸಿದ ಮರಳಿನಲ್ಲಿ ಇಡಿ. ಒಣಕಾಲದಲ್ಲಿ ಹುಳು ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತದೆ. ಕಲ್ಲುಕಟ್ಟೆಯ ಸಂದು, ಮರದ ಪೊಟರೆ, ತೋಟದ ಬೇಲಿಯ ಬುಡದಲ್ಲಿ ಈಗ ಹುಡುಕಿದರೆ ಓಡಿಹೋಗದೆ ಸಿಗುತ್ತದೆ. ಏಪ್ರಿಲ್‌ನ ಮೊದಲ ಮಳೆಗೆ ಮುಂಚೆ ಎಷ್ಟು ಆರಿಸುತ್ತೀರೋ ಜೂನ್‌ನಲ್ಲಿ ಅಷ್ಟು ಕೆಲಸ ಕಡಿಮೆ.


ತುಳಸಿಕಟ್ಟೆ, ಯಲ್ಲಾಪುರ
ಡಿಸೆಂಬರ್ 7, ಬೆಳಿಗ್ಗೆ 7.15

ಅಕ್ಕ, ಆ ಕಡುಗೆಂಪು ಡೇರೆಯ ಗೆಡ್ಡೆ ಹೆಚ್ಚಾಗಿದ್ದರೆ ನನಗೊಂದು ಸಿಗಬಹುದೇ? ಒಂದೇ ಮನೆಯಲ್ಲಿದ್ದರೆ ತಳಿಗೆ ಅಪಾಯ ಎಂದೂ ಅನಿಸಿತು.


ಹೂವಿನಂಗಳ, ಸಿದ್ದಾಪುರ
ಡಿಸೆಂಬರ್ 7, ಬೆಳಿಗ್ಗೆ 9.30

ಖಂಡಿತ ಕೊಡುತ್ತೇನೆ. ಪ್ರತಿ ತುಂಡಿನಲ್ಲೂ ಹಳೆಯ ಕಾಂಡದ ಬುಡದ ಕಣ್ಣು ಬರುವಂತೆ ಸೀಳಿ, ಮಣ್ಣು ತೊಳೆದು, ಒಣ ಕಾಗದದಲ್ಲಿ ಸುತ್ತಿ ಇಡುತ್ತೇನೆ. ಮುಂದಿನ ವಾರ ನಮ್ಮವರು ಯಲ್ಲಾಪುರಕ್ಕೆ ಬರುವವರಿದ್ದಾರೆ, ಅವರ ಕೈಯಲ್ಲಿ ಕಳುಹಿಸುತ್ತೇನೆ. ನೀವು ಕೂಡ ಕುಂಡದಲ್ಲೇ ಮೊಳೆಸಿ.